ತಿಳಿಯದೆ ಮಾಡಿದ ಕೇಡು

ಕಟ್ಟಿಗೆ ಕಡಿಯುವವನ ಕೊಡಲಿಯು ಕಾವಿನಿಂದ ಕಳಚಿ ಹಾರಿ ಪಕ್ಕದಲ್ಲಿದ್ದವನ ಪ್ರಾಣವನ್ನು ತೆಗೆದರೆ, ಆ ಕೊಡಲಿಯವನನ್ನು ಕೊಲೆಗಾರನೆಂದು ಎಣಿಸಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿ, ಅಂಥವರಿಗೋಸ್ಕರ ಆಶ್ರಯನಗರಗಳನ್ನು ನೇಮಿಸಿದ್ದನ್ನು ವಾಚಕರು ಬಲ್ಲರು. ಆದರೆ ಅದೇ ವಿಧಿಯಲ್ಲಿ ಮತ್ತೊಂದು ಸಂಗತಿಯೂ ಇರುವದು. ಕೈತಪ್ಪಿ ಕೊಂದವನು ನಿರ್ದೋಷಿಯಾದರೂ ಏನೂ ಆಗದವನ ಹಾಗೆ ತನ್ನ ಮನೆಗೆ ಹಿಂದಿರುಗಿ ಊಟಕ್ಕೆ ಕೂತುಕೊಳ್ಳಲಾರನು; ಅವನು ಊರನ್ನು ಬಿಟ್ಟು ಓಡಬೇಕು, ಮಹಾಯಾಜಕನ ಮರಣದ ವರೆಗೂ ಆಶ್ರಯನಗರದಲ್ಲಿಯೇ ವಾಸಿಸಬೇಕು. ದೋಷವಿಲ್ಲವೆಂದು ಹೇಳುವ ಆ ವಿಧಿಯು, ಏನೂ ನಡೆಯಲಿಲ್ಲವೆಂದು ಮಾತ್ರ ಹೇಳುವದಿಲ್ಲ.

ಅಲ್ಲಿ ಕೊಡಲಿಯು ಹಾರಿದ್ದನ್ನು ಕಣ್ಣಾರೆ ಕಂಡವರುಂಟು. ಒಂದು ವೇಳೆ ಕೊಡಲಿಯು ಕಣ್ಣಿಗೆ ಕಾಣದೆ ಇದ್ದರೆ ಹೇಗೆ? ತಾನು ಒಳ್ಳೇದನ್ನೇ ಮಾಡುತ್ತಿದ್ದೇನೆಂದು ನಂಬಿದ ಮನುಷ್ಯನ ಕೈಯಿಂದ, ಅವನಿಗೇ ತಿಳಿಯದ ಹಾಗೆ, ಒಬ್ಬರಲ್ಲ ನೂರಾರು ಮಂದಿ ಸತ್ತರೆ ಅವನು ಯಾವ ಪಟ್ಟಣಕ್ಕೆ ಓಡಬೇಕು? ಇದು ಬರೀ ತರ್ಕಕ್ಕೋಸ್ಕರ ಕಲ್ಪಿಸಿದ ಪ್ರಶ್ನೆಯಲ್ಲ. ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾದಲ್ಲಿ ೧೮೪೭ನೇ ವರುಷದಲ್ಲಿ ಒಬ್ಬ ವೈದ್ಯನಿಗೆ ಈ ಪ್ರಶ್ನೆಯು ನಿಜವಾಗಿ ಎದುರಾಯಿತು. ಅದು ಅವನ ಸ್ನೇಹಿತನ ಮರಣದ ಮುಖಾಂತರವಾಗಿ ಎದುರಾಯಿತು.

ಆ ವೈದ್ಯನ ಹೆಸರು ಇಗ್ನಾಸ್ ಸೆಮ್ಮೆಲ್ವೈಸ್. ಹಂಗೇರಿ ದೇಶದ ಬುಡಾ ಪಟ್ಟಣದಲ್ಲಿ ೧೮೧೮ರಲ್ಲಿ ಒಬ್ಬ ವರ್ತಕನ ಮಗನಾಗಿ ಹುಟ್ಟಿ, ನ್ಯಾಯಶಾಸ್ತ್ರವನ್ನು ಕಲಿಯುವದಕ್ಕೆಂದು ವಿಯೆನ್ನಾಕ್ಕೆ ಬಂದು, ಅದನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ತಿರುಗಿದವನು. ೧೮೪೬ರ ಜುಲೈ ತಿಂಗಳಲ್ಲಿ ಆತನು ಅಲ್ಲಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಹೆರಿಗೆಯ ಮನೆಯಲ್ಲಿ ಪ್ರೊಫೆಸರ್ ಕ್ಲೈನನ ಕೈಕೆಳಗೆ ಸಹಾಯಕ ವೈದ್ಯನಾದನು. ಆ ಹೆರಿಗೆಯ ಮನೆಗೆ ಬರುತ್ತಿದ್ದವರು ಹೆಚ್ಚಾಗಿ ಬಡ ಸ್ತ್ರೀಯರು, ಗಂಡನಿಲ್ಲದ ತಾಯಂದಿರು. ಅಲ್ಲಿ ಕಾಸು ಕೊಡಬೇಕಾಗಿರಲಿಲ್ಲ. ಬದಲಾಗಿ ವೈದ್ಯವಿದ್ಯೆಯನ್ನು ಕಲಿಯುವವರು ತಮ್ಮ ಮೇಲೆ ಕಲಿಯುವದಕ್ಕೆ ಆ ಸ್ತ್ರೀಯರು ಒಪ್ಪಬೇಕಾಗಿತ್ತು.

ಆ ಮನೆಯಲ್ಲಿ ಎರಡು ವಿಭಾಗಗಳಿದ್ದವು. ೧೮೪೦ರಿಂದ ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಒಂದು ದಿವಸ ಬಂದವರನ್ನು ಒಂದನೆಯದಕ್ಕೆ, ಮರುದಿವಸ ಬಂದವರನ್ನು ಎರಡನೆಯದಕ್ಕೆ ಸೇರಿಸುವದು ಪದ್ಧತಿ. ಮನೆ ಒಂದೇ, ಊಟ ಒಂದೇ, ಗಾಳಿ ಒಂದೇ. ಆದರೂ ೧೮೪೬ರಲ್ಲಿ ಒಂದನೆಯ ವಿಭಾಗದಲ್ಲಿ ಹೆತ್ತ ೪,೦೧೦ ಸ್ತ್ರೀಯರಲ್ಲಿ ೪೫೯ ಮಂದಿ ಸತ್ತರು. ಎರಡನೆಯದರಲ್ಲಿ ಹೆತ್ತ ೩,೭೫೪ ಮಂದಿಯಲ್ಲಿ ಸತ್ತವರು ೧೦೫. ಅವರನ್ನು ಕೊಂದದ್ದು ಹೆರಿಗೆಯಾದ ಒಂದೆರಡು ದಿವಸಗಳೊಳಗೆ ಚಳಿಯಿಂದ ಆರಂಭಿಸಿ, ಹೊಟ್ಟೆಯುಬ್ಬಿ, ಬುದ್ಧಿ ಕೆಟ್ಟು ಸಾಯಿಸುವ ಜ್ವರ. ನಮ್ಮ ಹಳ್ಳಿಗಳ ಅಜ್ಜಿಯರು ಬಾಣಂತಿಸನ್ನಿ ಎಂದು ಹೆಸರು ಹೇಳುವದಕ್ಕೂ ಅಂಜುತ್ತಿದ್ದದ್ದು ಇಂಥ ಜ್ವರಕ್ಕೇ.

ಈ ಭೇದವು ಪಟ್ಟಣದ ಬಡವರಿಗೆಲ್ಲಾ ಗೊತ್ತಿತ್ತು. ತಾವು ಬಂದ ದಿವಸವು ಒಂದನೆಯ ವಿಭಾಗದ ಸರದಿಯೆಂದು ತಿಳಿದ ಸ್ತ್ರೀಯರು ಮೊಣಕಾಲೂರಿ ಕೈಮುಗಿದು ತಮ್ಮನ್ನು ಬಿಟ್ಟುಬಿಡಬೇಕೆಂದು ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವರು ಕೂಡ ಆ ವಿಭಾಗದಲ್ಲಿ ವೈದ್ಯರ ಕೈಯಿಂದ ಹೆತ್ತವರಿಗಿಂತ ಹೆಚ್ಚಾಗಿ ಬದುಕಿಕೊಳ್ಳುತ್ತಿದ್ದರು. ವಿದ್ವಾಂಸರಿಗೆ ಕಾಣದೆ ಇದ್ದದ್ದನ್ನು ಅಕ್ಷರವಿಲ್ಲದ ಕೂಲಿಯಾಳುಗಳು ಕಂಡಿದ್ದರು. ಅವರ ಮಾತನ್ನು ಯಾರೂ ಸಾಕ್ಷಿಯೆಂದು ಎಣಿಸಲಿಲ್ಲ.

ವಿದ್ವಾಂಸರಾದರೋ ಕಾರಣಗಳನ್ನು ಹೇಳುತ್ತಲೇ ಇದ್ದರು. ಗಾಳಿಯಲ್ಲಿಯೂ ಭೂಮಿಯಲ್ಲಿಯೂ ಏನೋ ಒಂದು ಕೆಟ್ಟ ಪ್ರಭಾವ ಇದೆಯಂದರು. ಹಾಗಾದರೆ ಆ ಪ್ರಭಾವವು ಒಂದೇ ಮನೆಯ ಒಂದು ಬಾಗಿಲನ್ನು ಬಿಟ್ಟು ಇನ್ನೊಂದನ್ನೇ ಯಾಕೆ ಹೊಕ್ಕಿತು? ಜನರ ಇಕ್ಕಟ್ಟು ಅಂದರು. ಇಕ್ಕಟ್ಟು ಎರಡನೆಯ ವಿಭಾಗದಲ್ಲಿಯೇ ಹೆಚ್ಚಾಗಿತ್ತು. ಸಾಯುವವರಿಗೆ ಕಡೇ ಸಂಸ್ಕಾರವನ್ನು ಕೊಡುವದಕ್ಕೆ ಬರುವ ರೋಮನ್ ಕಥೋಲಿಕ ಯಾಜಕನ ಮುಂದೆ ಗಂಟೆ ಬಾರಿಸುತ್ತಾ ಹೋಗುವದನ್ನು ಕೇಳಿ ಬಾಣಂತಿಯರು ಹೆದರಿ ಸಾಯುತ್ತಾರೆಂಬ ಮಾತು ಬಂದಾಗ, ಸೆಮ್ಮೆಲ್ವೈಸನು ಆ ಯಾಜಕನನ್ನು ಒಪ್ಪಿಸಿ, ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಮಾಡಿಸಿದನು. ಸ್ತ್ರೀಯರನ್ನು ಮಲಗಿಸುವ ರೀತಿಯನ್ನೂ ಬದಲಾಯಿಸಿ ನೋಡಿದನು. ಸಾವು ಕಡಿಮೆಯಾಗಲಿಲ್ಲ. ಪ್ರತಿದಿವಸ ಬೆಳಿಗ್ಗೆ ವಾರ್ಡಿಗೆ ಹೋಗುವ ಮುಂಚೆ ಆತನು ಶವಾಗಾರಕ್ಕೆ ಹೋಗಿ, ಸತ್ತ ಸ್ತ್ರೀಯರ ದೇಹಗಳನ್ನು ತನ್ನ ಕೈಯಿಂದಲೇ ಕೊಯ್ದು, ಇವರು ಯಾಕೆ ಸತ್ತರೆಂದು ಹುಡುಕುತ್ತಿದ್ದನು. ಆ ಮೇಲೆ ಬಂದು ಬದುಕಿರುವವರನ್ನು ಪರೀಕ್ಷಿಸುತ್ತಿದ್ದನು. ಈ ಒಂದು ಮಾತನ್ನು ವಾಚಕರು ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು.

೧೮೪೬ರ ಅಕ್ಟೋಬರದಲ್ಲಿ ಬ್ರೈಟನೆಂಬ ಹಿಂದಿನ ಸಹಾಯಕನು ತಿರಿಗಿ ಬಂದದ್ದರಿಂದ ಸೆಮ್ಮೆಲ್ವೈಸನ ಕೆಲಸವು ಹೋಯಿತು. ಮುಂದಿನ ಮಾರ್ಚಿನಲ್ಲಿ ಅದು ಮತ್ತೆ ಸಿಕ್ಕುವದೆಂದು ತಿಳಿದಾಗ, ಬೇಸತ್ತ ಮನಸ್ಸಿಗೆ ಸ್ವಲ್ಪ ಆರಾಮವಾಗಲೆಂದು ಇಬ್ಬರು ಸ್ನೇಹಿತರ ಸಂಗಡ ವೆನಿಸ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಚಿತ್ರಗಳನ್ನೂ ಕಟ್ಟಡಗಳನ್ನೂ ನೋಡಿ ಸಂತೋಷಪಟ್ಟು, ೧೮೪೭ನೇ ಮಾರ್ಚ್ ೨೦ನೇ ತಾರೀಕಿನಲ್ಲಿ ಪುನಃ ಕೆಲಸಕ್ಕೆ ಸೇರಿದನು. ಬಂದ ಕೂಡಲೇ ಕೇಳಿದ ವರ್ತಮಾನವೇನಂದರೆ, ಆತನ ಸ್ನೇಹಿತನಾದ ಯಾಕೋಬ್ ಕೊಲ್ಲೆಚ್ಕಾ ಸತ್ತು ಒಂದು ವಾರವಾಗಿತ್ತು.

ಕೊಲ್ಲೆಚ್ಕಾ ನ್ಯಾಯವೈದ್ಯಶಾಸ್ತ್ರದ ಪ್ರೊಫೆಸರನು. ಅಂದರೆ ನ್ಯಾಯಸ್ಥಾನಕ್ಕೋಸ್ಕರ ಹೆಣಗಳನ್ನು ಕೊಯ್ದು ಮರಣದ ಕಾರಣವನ್ನು ತಿಳಿಸುವವನು. ವಯಸ್ಸಿನಲ್ಲಿ ಸೆಮ್ಮೆಲ್ವೈಸನಿಗಿಂತ ಹದಿನೈದು ವರುಷ ದೊಡ್ಡವನಾದರೂ ಇಬ್ಬರಿಗೂ ಸ್ನೇಹ. ವಿದ್ಯಾರ್ಥಿಗಳ ಸಂಗಡ ಒಂದು ಹೆಣವನ್ನು ಕೊಯ್ಯುತ್ತಿದ್ದಾಗ ಒಬ್ಬ ವಿದ್ಯಾರ್ಥಿಯ ಚೂರಿಯು ಜಾರಿ ಕೊಲ್ಲೆಚ್ಕಾನ ಬೆರಳಿಗೆ ಚುಚ್ಚಿತು. ಸಣ್ಣ ಗಾಯ. ಆದರೆ ತೋಳಿನ ನಾಳಗಳು ಉರಿತು ಕೀವುಗಟ್ಟಿ, ಎದೆಯ ಪೊರೆಗೂ ಹೊಟ್ಟೆಯ ಪೊರೆಗೂ ಮಿದುಳಿನ ಪೊರೆಗೂ ಆ ಕೀವು ಹಬ್ಬಿ, ಮರಣಕ್ಕೆ ಕೆಲವು ದಿವಸ ಮುಂಚೆ ಒಂದು ಕಣ್ಣಿಗೂ ಏರಿ, ಮಾರ್ಚ್ ೧೩ರಲ್ಲಿ ಆತನು ತೀರಿಕೊಂಡನು. ಹೆಣಗಳನ್ನು ಕೊಯ್ದು ಪರೀಕ್ಷಿಸುತ್ತಿದ್ದ ಆತನ ಹೆಣವನ್ನು ಆತನ ಜೊತೆಗಾರರೇ ಕೊಯ್ದು ಪರೀಕ್ಷಿಸಿ, ಕಂಡದ್ದನ್ನು ಬರೆದಿಟ್ಟಿದ್ದರು.

ಸೆಮ್ಮೆಲ್ವೈಸನು ಆ ಬರಹವನ್ನು ತರಿಸಿ ಓದಿದನು. ಸ್ನೇಹಿತನ ಬೇನೆಯ ಚಿತ್ರವು ಹಗಲೂ ರಾತ್ರಿಯೂ ಆತನ ಕಣ್ಣ ಮುಂದಿನಿಂದ ಹೋಗಲಿಲ್ಲ. ಹೀಗೆ ಇರುವಾಗ ಆತನಿಗೆ ಒಂದು ಹೊಳೆಯಿತು: ಈ ಬರಹದಲ್ಲಿರುವ ಒಂದೊಂದು ಲಕ್ಷಣವನ್ನು ತಾನು ಮುಂಚೆಯೇ ನೂರಾರು ಸಾರಿ ನೋಡಿದ್ದೇನೆ; ಬಾಣಂತಿಯರ ದೇಹಗಳಲ್ಲಿ ನೋಡಿದ್ದೇನೆ. ಬೇನೆ ಒಂದೇ ಆದರೆ ಕಾರಣವೂ ಒಂದೇ ಆಗಿರಬೇಕು. ಕೊಲ್ಲೆಚ್ಕಾನ ರಕ್ತಕ್ಕೆ ಹೆಣದ ಕಶ್ಮಲವನ್ನು ಹೊಗಿಸಿದ್ದು ಚೂರಿ. ಬಾಣಂತಿಯರ ಹತ್ತರ ಯಾವ ಚೂರಿಯೂ ಹೋಗಲಿಲ್ಲವಲ್ಲಾ, ಹೋದದ್ದು ಯಾವದು? ಶವಾಗಾರದಿಂದ ನೇರವಾಗಿ ಬಂದ ವೈದ್ಯರ ಕೈಗಳು, ವಿದ್ಯಾರ್ಥಿಗಳ ಕೈಗಳು. ಸಾಬೂನು ಹಚ್ಚಿ ತೊಳೆದ ಮೇಲೆಯೂ ಹೆಣದ ವಾಸನೆ ಬಿಡದೆ ಇದ್ದ ಕೈಗಳು. ಸೂಲಗಿತ್ತಿಯರು ಹೆಣ ಕೊಯ್ಯುತ್ತಿರಲಿಲ್ಲ. ಆದದರಿಂದ ಅವರ ವಿಭಾಗದಲ್ಲಿ ಸಾವು ಕಡಿಮೆ. ದಾರಿಯಲ್ಲಿ ಹೆತ್ತವರನ್ನು ಯಾರೂ ಮುಟ್ಟಿರಲಿಲ್ಲ. ಆದದರಿಂದ ಅವರು ಬದುಕಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಒಂದು ವರುಷದಲ್ಲಿ ಆ ವಿಭಾಗದಲ್ಲಿ ಸತ್ತವರು ೪೫೯. ಅವರ ಮರಣದಿಂದ ತಿಳಿಯದೆ ಹೋದದ್ದು ಒಬ್ಬ ಪ್ರೊಫೆಸರನ ಮರಣದಿಂದ ತಿಳಿಯಿತು. ಇದಕ್ಕೆ ವೈದ್ಯಶಾಸ್ತ್ರದ ಉತ್ತರವು ಸುಲಭ: ಕೊಲ್ಲೆಚ್ಕಾ ಗಂಡಸು, ಹೆತ್ತವನಲ್ಲ, ಹೆರಿಗೆಯೇ ಇಲ್ಲದ ದೇಹದಲ್ಲಿ ಅದೇ ಜ್ವರವನ್ನು ಕಂಡದ್ದರಿಂದ, ಅದು ಹೆರಿಗೆಗೆ ಮಾತ್ರ ಸೇರಿದ ಬೇನೆಯೆಂಬ ಭ್ರಮೆಯು ಮುರಿಯಿತು. ಈ ಉತ್ತರವು ನಿಜವೇ. ಆದರೂ ಅದು ಇಡೀ ನಿಜವೆಂದು ನನಗೆ ತೋರುವದಿಲ್ಲ. ಕೊಲ್ಲೆಚ್ಕಾನಿಗೆ ಮುಂಚೆಯೂ ಚೂರಿ ತಗಲಿ ಸತ್ತ ಅಂಗಚ್ಛೇದಕರು ಇದ್ದರು, ಆ ಬೇನೆಯು ವೈದ್ಯರಿಗೆ ಅಪರಿಚಿತವಾಗಿರಲಿಲ್ಲ. ಆದರೆ ಸತ್ತವನು ಸ್ನೇಹಿತನಾದಾಗ ಮನುಷ್ಯನು ಬರಹವನ್ನು ಬೇರೆ ರೀತಿಯಿಂದ ಓದುತ್ತಾನೆ. ಒಂದೊಂದು ಮಾತಿನ ಮುಂದೆ ನಿಲ್ಲುತ್ತಾನೆ. ಇದು ಹೀಗೇ ಆಗಬೇಕಾಗಿತ್ತೇ ಎಂದು ಕೇಳುತ್ತಾನೆ. ಬಾಣಂತಿಯರ ಬಗ್ಗೆ ಆ ಆಸ್ಪತ್ರೆಯಲ್ಲಿ ಹೆಚ್ಚಿನವರು ಹಾಗೆ ಕೇಳುವದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಪ್ರೀತಿಯು ಪಕ್ಷಪಾತವುಳ್ಳದ್ದು, ತನ್ನವರನ್ನೇ ನೋಡುವದು ಎಂಬ ದೂರು ಉಂಟು. ಈ ಸಂಗತಿಯಲ್ಲಿ ಆ ದೂರಿನ ಅರ್ಧವು ಸತ್ಯ: ಸೆಮ್ಮೆಲ್ವೈಸನ ಪೂರ್ತಿ ಕಣ್ಣು ತೆರೆದದ್ದು ತನ್ನವನಿಗಾಗಿಯೇ. ಇನ್ನರ್ಧವು ಸತ್ಯವಲ್ಲ, ತೆರೆದ ಆ ಕಣ್ಣನ್ನು ಆತನು ಸ್ನೇಹಿತನ ಗೋರಿಯ ಮೇಲೆಯೇ ಇಟ್ಟುಕೊಂಡು ಕೂತಿರಲಿಲ್ಲ. ಅದನ್ನು ಹೆಸರಿಲ್ಲದ ಬಡ ಹೆಂಗಸರ ಮಂಚಗಳ ಕಡೆಗೆ ತಿರುಗಿಸಿದನು. ಅಲ್ಲಿಂದ ಅದು ಆತನ ಸ್ವಂತ ಕೈಗಳ ಕಡೆಗೆ ತಿರುಗಿತು. ದುಃಖಪಡುವವರಲ್ಲಿ ಹೆಚ್ಚಿನವರು ಮೊದಲನೆಯ ಮೆಟ್ಟಿಲಲ್ಲಿಯೇ ನಿಲ್ಲುತ್ತಾರೆ. ಅದು ತಪ್ಪೆಂದು ಹೇಳಲಾರೆನು. ಸ್ನೇಹಿತನನ್ನು ಕಳಕೊಂಡವನಿಗೆ ಅಳುವದೇ ಸಾಕಷ್ಟು ಕೆಲಸ.

ಮುಂದೆ ನಡೆದದ್ದನ್ನು ಬೇಗನೆ ಹೇಳಬಹುದು. ೧೮೪೭ನೇ ಮೇ ತಿಂಗಳ ಮಧ್ಯದಲ್ಲಿ ಸೆಮ್ಮೆಲ್ವೈಸನು ವಾರ್ಡಿನ ಬಾಗಿಲಲ್ಲಿ ಕ್ಲೋರಿನ್ ನೀರಿನ ಪಾತ್ರೆಯನ್ನು ಇಡಿಸಿ, ಹೆಣ ಮುಟ್ಟಿ ಬಂದವರು ಅದರಲ್ಲಿ ಕೈ ತೊಳೆಯದೆ ಯಾವ ಸ್ತ್ರೀಯನ್ನೂ ಮುಟ್ಟಬಾರದೆಂದು ಕಟ್ಟುಮಾಡಿದನು. ಅದು ದುಬಾರಿಯಾದದ್ದರಿಂದ ಬಳಿಕ ಕ್ಲೋರಿನ್ ಸೇರಿಸಿದ ಸುಣ್ಣದ ನೀರನ್ನು ಉಪಯೋಗಿಸಿದನು. ನಮ್ಮ ಊರ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯೇ ಅದು. ಏಪ್ರಿಲಿನಲ್ಲಿ ಹೆತ್ತ ೩೧೨ ಮಂದಿಯಲ್ಲಿ ೫೭ ಮಂದಿ ಸತ್ತಿದ್ದರು. ಜೂನಿನಲ್ಲಿ ೨೬೮ರಲ್ಲಿ ೬, ಜುಲೈಯಲ್ಲಿ ೨೫೦ರಲ್ಲಿ ೩. ಮರುವರುಷದ ಮಾರ್ಚಿನಲ್ಲಿಯೂ ಆಗಸ್ಟಿನಲ್ಲಿಯೂ ಒಬ್ಬಳಾದರೂ ಸಾಯಲಿಲ್ಲ. ಬೇನೆಗೆ ಕಾರಣವಾದ ಸೂಕ್ಷ್ಮಜೀವಿಗಳನ್ನು ಪ್ಯಾರಿಸಿನಲ್ಲಿ ಪಾಶ್ಚರನು ತೋರಿಸಿದ್ದು ೧೮೭೯ರಲ್ಲಿ. ಅದಕ್ಕಿಂತ ಮೂವತ್ತೆರಡು ವರುಷ ಮುಂಚೆ, ಕಾಣದ ವೈರಿಯನ್ನು ಕಾಣದೆಯೇ ಈತನು ತಡೆದನು.

ಆದರೆ ಆ ಏಪ್ರಿಲಿನ ೫೭ನ್ನು ಮತ್ತೊಮ್ಮೆ ನೋಡಬೇಕು. ಜನವರಿಯಲ್ಲಿ ಸತ್ತವರು ೧೦, ಫೆಬ್ರವರಿಯಲ್ಲಿ ೬, ಮಾರ್ಚಿನಲ್ಲಿ ೧೧. ಆಗ ಸಹಾಯಕನಾಗಿದ್ದವನು ಬ್ರೈಟ್. ಮಾರ್ಚ್ ೨೦ರಲ್ಲಿ, ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಶವಾಗಾರದಲ್ಲಿ ದುಡಿಯುವ ಸೆಮ್ಮೆಲ್ವೈಸನು ಬಂದನು. ಏಪ್ರಿಲಿನಲ್ಲಿ ೫೭. ಸತ್ಯವನ್ನು ಹುಡುಕುವ ಆತನ ಶ್ರದ್ಧೆಯೇ ಆ ತಿಂಗಳಲ್ಲಿ ಮರಣವನ್ನು ಹೊತ್ತು ತಂದಿತೆಂದು ಈ ಲೆಕ್ಕವನ್ನು ಓದುವವನಿಗೆ ತೋರದೆ ಇರದು. ಸೋಮಾರಿಯಾದ ವೈದ್ಯನೊಬ್ಬನು ಆ ಸ್ಥಾನದಲ್ಲಿ ಇದ್ದಿದ್ದರೆ ಹೆಚ್ಚು ತಾಯಂದಿರು ಬದುಕುತ್ತಿದ್ದರು! ಪ್ರಾಮಾಣಿಕತೆಯಿಂದ ಮಾಡಿದ ಕೆಲಸವು ಒಳ್ಳೇದನ್ನೇ ಫಲಿಸುವದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಈ ಲೆಕ್ಕವನ್ನು ಅವರಿಗೆ ಹೇಗೆ ವಿವರಿಸೋಣ?

ಸೆಮ್ಮೆಲ್ವೈಸನು ಇದನ್ನು ಮರೆಮಾಡಲಿಲ್ಲ. ೧೮೬೧ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ, ಹೆರಿಗೆಯ ವೈದ್ಯರಲ್ಲಿ ತನ್ನಷ್ಟು ಹೆಣಗಳನ್ನು ಮುಟ್ಟಿದವರು ಕೆಲವರೇ ಎಂದೂ, ತನ್ನ ನಿಮಿತ್ತದಿಂದ ಅಕಾಲದಲ್ಲಿ ಮಣ್ಣಿಗೆ ಸೇರಿದ ಸ್ತ್ರೀಯರ ಸಂಖ್ಯೆಯನ್ನು ದೇವರೇ ಬಲ್ಲನೆಂದೂ ಒಪ್ಪಿಕೊಂಡನು. ತಾನು ತಿಳಿಯದೆ ಮಾಡಿದ್ದೆಂಬ ನೆವವು ಆತನಿಗೆ ಧಾರಾಳವಾಗಿ ಇತ್ತು. ಅದು ಸುಳ್ಳು ನೆವವೂ ಅಲ್ಲ. ಆದರೂ ಆತನು ಆ ನೆವದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಕೈತಪ್ಪಿ ಕೊಂದವನಿಗೆ ಮೋಶೆಯ ವಿಧಿಯು ನೇಮಿಸಿದ ಆ ನಡುವಿನ ಸ್ಥಳದಲ್ಲಿ, ಅಂದರೆ ದೋಷಿಯೂ ಅಲ್ಲದ, ಸ್ವತಂತ್ರನೂ ಅಲ್ಲದ ಸ್ಥಳದಲ್ಲಿ, ಆತನು ತಾನಾಗಿ ನಿಂತನು.

ಎಲ್ಲರಿಗೂ ಆ ಸ್ಥಳದಲ್ಲಿ ನಿಲ್ಲುವ ಬಲ ಇರುವದಿಲ್ಲ. ಜರ್ಮನಿಯ ಕೀಲ್ ಪಟ್ಟಣದಲ್ಲಿ ಗುಸ್ತಾವ್ ಮಿಖಾಯೆಲಿಸ್ ಎಂಬ ಪ್ರೊಫೆಸರನಿದ್ದನು. ೧೮೪೭ರಲ್ಲಿ ಆತನು ತನ್ನ ಸಂಬಂಧಿಕಳಾದ ಒಬ್ಬ ಸ್ತ್ರೀಯ ಹೆರಿಗೆಯನ್ನು ಮಾಡಿಸಿದನು. ಅವಳು ಈ ಜ್ವರದಿಂದಲೇ ಸತ್ತಳು. ಬಳಿಕ ವಿಯೆನ್ನಾದ ವರ್ತಮಾನವು ಕಾಗದದ ಮೂಲಕ ಅವನಿಗೆ ಮುಟ್ಟಿತು. ಅವನು ವಾದಿಸಲಿಲ್ಲ. ತನ್ನ ಆಸ್ಪತ್ರೆಯಲ್ಲಿ ಕೂಡಲೇ ಕೈ ತೊಳೆಯುವದನ್ನು ಜಾರಿಗೆ ತಂದನು. ಅವಳನ್ನು ಕೊಂದವನು ತಾನೇ ಎಂಬ ನಿಶ್ಚಯವು ಅವನನ್ನು ಬಿಡಲಿಲ್ಲ. ೧೮೪೮ರ ಆಗಸ್ಟಿನಲ್ಲಿ ಅವನು ಹೊಗೆಬಂಡಿಯ ಕೆಳಗೆ ಬಿದ್ದು ಪ್ರಾಣವನ್ನು ಕಳಕೊಂಡನು. ಸತ್ಯವನ್ನು ಎಲ್ಲರಿಗಿಂತ ಮುಂಚೆ ನಂಬಿದವರಲ್ಲಿ ಒಬ್ಬನನ್ನು ಆ ಸತ್ಯವೇ ಹೀಗೆ ನುಂಗಿತು. ಅವನ ಪಕ್ಕದಲ್ಲಿ ಕೂತು, ನೀನು ಮಾಡಿದ್ದು ನಿಜ, ಆದರೆ ನೀನು ಬದುಕಬೇಕು ಎಂದು ಹೇಳುವ ಒಬ್ಬನಿದ್ದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆಯು ನನ್ನನ್ನು ಬಿಡುವದಿಲ್ಲ. ಕೊಡಲಿಯವನಿಗೆ ಒಂದು ಪಟ್ಟಣವೇ ಬೇಕಾಗಿತ್ತು, ಬರೀ ತೀರ್ಪು ಸಾಲುತ್ತಿರಲಿಲ್ಲ.

ಇನ್ನು ನಂಬದವರ ವಿಷಯ. ಪ್ರೊಫೆಸರ್ ಕ್ಲೈನನೂ ಇತರ ಅನೇಕ ವಿದ್ವಾಂಸರೂ ಈ ಮಾತನ್ನು ತಳ್ಳಿಬಿಟ್ಟರು. ಇವರನ್ನು ಮೂರ್ಖರೆಂದು ಬೈಯುವದು ಈಗ ಸುಲಭ. ಆದರೆ ಅವರಿಗೆ ಹೇಳಲ್ಪಟ್ಟ ಮಾತು ಯಾವದು? ನೀವು ಇಪ್ಪತ್ತು ಮೂವತ್ತು ವರುಷಗಳಿಂದ ಸೇವೆಯೆಂದು ಮಾಡುತ್ತಾ ಬಂದದ್ದು ಸಂಹಾರವೆಂಬ ಮಾತು. ಅದನ್ನು ಕೇಳಿ ಸಹಜವಾಗಿ ತಲೆದೂಗುವ ಮನುಷ್ಯರು ಎಷ್ಟು ಮಂದಿ? ತಿಳಿಯದೆ ಮಾಡಿದ್ದಕ್ಕೆ ಅವರನ್ನು ಯಾರೂ ದೂರಲಾರರು. ಆದರೆ ೧೮೪೭ರ ನಂತರ ಅವರ ತಿಳಿಯದಿರುವಿಕೆಯು ಅದೇ ಜಾತಿಯದಾಗಿ ಉಳಿಯಲಿಲ್ಲ. ಲೆಕ್ಕವು ಮುಂದೆ ಇತ್ತು. ಬೇಕಾದದ್ದು ಒಂದು ಬೋಗುಣಿ ನೀರು. ಅದನ್ನು ಒಂದು ತಿಂಗಳು ಇಟ್ಟು ನೋಡುವದಕ್ಕೂ ಒಪ್ಪದವನ ಅಜ್ಞಾನವು ದಾರಿ ಕಾಣದ ಕುರುಡುತನವಲ್ಲ, ಕಣ್ಣುಮುಚ್ಚಿಕೊಂಡವನ ಕತ್ತಲೆ.

ಹಾಗೆಂದು ಸೆಮ್ಮೆಲ್ವೈಸನನ್ನು ಸಂತನನ್ನಾಗಿ ಮಾಡುವದು ಸರಿಯಲ್ಲ. ಈ ಸತ್ಯವನ್ನು ಬರೆದು ಪ್ರಕಟಿಸಬೇಕೆಂಬ ಕೆಲಸವನ್ನು ಆತನು ವರುಷಗಟ್ಟಲೆ ಮುಂದಕ್ಕೆ ಹಾಕಿದನು. ಮೊದಲು ಬರೆದು ತಿಳಿಸಿದವನು ಆತನ ಗೆಳೆಯನಾದ ಹೆಬ್ರಾ. ೧೮೫೦ರ ಮೇ ತಿಂಗಳಲ್ಲಿ ವಿಯೆನ್ನಾದ ವೈದ್ಯರ ಸಂಘದ ಮುಂದೆ ಮಾತಾಡಿದನು. ಆದರೆ ಅದೇ ವರುಷದ ಅಕ್ಟೋಬರದಲ್ಲಿ, ಬೆಂಬಲ ಕೊಟ್ಟ ಸ್ನೇಹಿತರಿಗೂ ಹೇಳದೆ ಹಂಗೇರಿಗೆ ಹೊರಟುಹೋದನು. ಪೆಸ್ಟ್ ಪಟ್ಟಣದ ಸಂತ ರೋಖುಸ್ ಆಸ್ಪತ್ರೆಯಲ್ಲಿ ಬಾಣಂತಿಯರನ್ನು ಉಳಿಸುತ್ತಲೇ ಇದ್ದನು. ಪುಸ್ತಕ ಬಂದದ್ದು ಹದಿನಾಲ್ಕು ವರುಷಗಳ ಮೇಲೆ. ಆ ಹದಿನಾಲ್ಕು ವರುಷಗಳಲ್ಲಿ ಯೂರೋಪಿನ ಹೆರಿಗೆಯ ಮನೆಗಳಲ್ಲಿ ಸತ್ತವರ ಲೆಕ್ಕದಲ್ಲಿ ಆತನ ಮೌನಕ್ಕೂ ಒಂದು ಪಾಲು ಉಂಟೆಂದು ಹೇಳಿದರೆ ಅನ್ಯಾಯವಾಗದು. ತಿಳಿಯದವನಿಗೆ ಹೊಣೆ ಎಷ್ಟೆಂದು ಕೇಳುವವರು, ತಿಳಿದವನಿಗೆ ಹೊಣೆ ಎಷ್ಟೆಂದೂ ಕೇಳಬೇಕು.

ಪುಸ್ತಕವೂ ಓದಿಸಿಕೊಳ್ಳುವಂಥದ್ದಲ್ಲ; ಹೇಳಿದ್ದನ್ನೇ ಹೇಳುವದು, ಜಗಳವಾಡುವದು. ಬಹಿರಂಗ ಪತ್ರಗಳಲ್ಲಂತೂ ಆತನು ಒಪ್ಪದ ಪ್ರೊಫೆಸರರನ್ನು ಹೆಸರು ಹಿಡಿದು ಕೊಲೆಗಾರರೆಂದನು. ವ್ಯೂರ್ಟ್ಸ್‌ಬುರ್ಗಿನ ಸ್ಕಾನ್ಜೋನಿಗೆ ಹೀಗೆ ಬರೆದನು, ಬೇರೆಯವರಿಗೂ ಬರೆದನು. ಹಾಗೆ ಕರಿಸಿಕೊಂಡವನು ಕೈ ತೊಳೆಯುವದಕ್ಕೆ ಹೋಗುವನೋ, ಉತ್ತರ ಬರೆಯುವದಕ್ಕೆ ಕೂತುಕೊಳ್ಳುವನೋ, ವಾಚಕರೇ ಊಹಿಸಬಹುದು. ತಾನು ಹೊತ್ತ ಭಾರವನ್ನು ಬೇರೆಯವರೂ ಹೊರಬೇಕೆಂದು ಬಯಸಿದ್ದು ನ್ಯಾಯವೇ. ಅದನ್ನು ಅವರ ತಲೆಯ ಮೇಲೆ ಎಸೆದದ್ದು ಯಾರಿಗೂ ಉಪಕಾರವಾಗಲಿಲ್ಲ.

೧೮೬೫ರ ಹೊತ್ತಿಗೆ ಆತನ ಬುದ್ಧಿಯು ಕೆಟ್ಟಿತ್ತು. ಜುಲೈ ತಿಂಗಳ ಕಡೆಯಲ್ಲಿ ಹೆಂಡತಿಯೂ ಸ್ನೇಹಿತರೂ ಆತನನ್ನು ವಿಯೆನ್ನಾಕ್ಕೆ ಕರಕೊಂಡು ಬಂದರು. ಹೆಬ್ರಾ ಅವರನ್ನು ಎದುರುಗೊಂಡು ಆತನನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಿದನು. ಎರಡು ವಾರಗಳಲ್ಲಿ, ಆಗಸ್ಟ್ ೧೩ರಲ್ಲಿ, ೪೭ನೇ ವಯಸ್ಸಿನಲ್ಲಿ ಆತನು ಸತ್ತನು. ಹೆಣವನ್ನು ಕೊಯ್ದು ನೋಡಿದವರು, ಬೆರಳಿನ ಗಾಯವೊಂದು ಕೊಳೆತು ವಿಷವು ರಕ್ತಕ್ಕೆ ಏರಿದ್ದನ್ನೂ, ಮೈಮೇಲೆ ಪೆಟ್ಟಿನ ಗುರುತುಗಳನ್ನೂ ಕಂಡರು. ಕೊಲ್ಲೆಚ್ಕಾ ಸತ್ತದ್ದೂ ಬಾಣಂತಿಯರು ಸತ್ತದ್ದೂ ಅಂಥದೇ ಬೇನೆಯಿಂದ.

ಆತನ ಪುಸ್ತಕದಲ್ಲಿ ಕೊಲ್ಲೆಚ್ಕಾನ ಮರಣದ ಸಂಗತಿಯು ಬಹಳ ಚಿಕ್ಕದು. ಗಾಯವಾದದ್ದು ಯಾವ ಬೆರಳಿಗೆ ಎಂಬದು ಈಗ ತನಗೆ ನೆನಪಿಲ್ಲವೆಂದು ಅಲ್ಲಿ ಬರೆದಿರುವನು. ಚೂರಿ ಜಾರಿದ್ದು ಒಬ್ಬ ವಿದ್ಯಾರ್ಥಿಯ ಕೈಯಿಂದ ಎಂದಷ್ಟೇ ಹೇಳಿರುವನು. ದೊಡ್ಡ ದೊಡ್ಡ ಪ್ರೊಫೆಸರರನ್ನು ಹೆಸರು ಹಿಡಿದು ಕೊಲೆಗಾರರೆಂದವನು, ತನ್ನ ಸ್ನೇಹಿತನನ್ನು ಕೊಂದ ಆ ಹುಡುಗನ ಹೆಸರನ್ನು ಮಾತ್ರ ಬರೆಯಲಿಲ್ಲ.